ಗಾಯ ಕಾಲ್ಬೆರಳಿಗೆ, ಗಂಟು ತೊಡೆಸಂದಿಯಲ್ಲಿ. ಯಾಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಹೋದ ವಾರ ಕಳೆ ಹೊಡೆಯುವಾಗ ಕಾಲಿನ ಹೆಬ್ಬೆರಳಿಗೆ ಕತ್ತಿ ತಾಗಿತು. ಗಾಯ ಸ್ವಲ್ಪ ಕೀವಾಗಿದೆ. ಈಗ ಅದೇ ಕಡೆಯ ತೊಡೆಸಂದಿಯಲ್ಲಿ ಅಡಿಕೆ ಗಾತ್ರದ ಗಂಟು ಎದ್ದಿದೆ. ಮುಟ್ಟಿದರೆ ನೋವು. ಎಣ್ಣೆ ಹಚ್ಚಿ ತಿಕ್ಕಿದರೆ ಕರಗುತ್ತದೆ ಅಂತ ಅತ್ತೆ ಹೇಳುತ್ತಾರೆ. ನನಗೆ ಕ್ಯಾನ್ಸರ್ ಭಯ.

ಉತ್ತರ: ದಯವಿಟ್ಟು ತಿಕ್ಕಬೇಡಿ. ಮೊದಲು ಕಾಲಿನ ಗಾಯವನ್ನು ಡಾಕ್ಟರಿಗೆ ತೋರಿಸಿ. ನೀವು ಬರೆದದ್ದು ನೋಡಿದರೆ ಈ ಗಂಟಿಗೆ ಆ ಗಾಯವೇ ಕಾರಣ ಇರಬೇಕು.

ರಕ್ತ ಹರಿಯುವಾಗ ಸಣ್ಣ ಸಣ್ಣ ನಾಳಗಳಿಂದ ತೆಳ್ಳಗಿನ ದ್ರವ ಸುತ್ತಲಿನ ಮಾಂಸಕ್ಕೆ ಒಸರುತ್ತಲೇ ಇರುತ್ತದೆ. ಜೀವಕೋಶಗಳಿಗೆ ಆಹಾರ ಮುಟ್ಟುವುದು ಹೀಗೇ. ಒಸರಿದ್ದು ಅಲ್ಲೇ ನಿಂತರೆ ಮೈ ಊದಿಕೊಳ್ಳುತ್ತದೆ. ಅಡಿಕೆ ತೋಟದಲ್ಲಿ ನಿಂತ ನೀರನ್ನು ಬಸಿಗಾಲುವೆ ಎಳೆದುಕೊಳ್ಳುತ್ತದಲ್ಲ, ಮೈಯಲ್ಲಿ ಆ ಕೆಲಸ ದುಗ್ಧರಸ (ಲಿಂಫ್) ನಾಳಗಳದ್ದು. ದಿನಕ್ಕೆ ಸುಮಾರು 2ರಿಂದ 3 ಲೀಟರ್ ದ್ರವವನ್ನು ಇವು ರಕ್ತಕ್ಕೆ ವಾಪಸ್ ತರುತ್ತವೆ. ಇದಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ. ನಡೆದಾಗ ಮೀನಖಂಡ ಒತ್ತುತ್ತದೆ, ಉಸಿರೆಳೆದಾಗ ಎದೆ ಮೇಲಕ್ಕೆ ಸೆಳೆಯುತ್ತದೆ. ಒಳಗಿನ ಕವಾಟಗಳು ದ್ರವವನ್ನು ಹಿಂದಕ್ಕೆ ಬಿಡುವುದಿಲ್ಲ. ಕಾಲಿನಿಂದ ಹೊರಟದ್ದು ಕೊನೆಗೆ ಎಡ ಕತ್ತಿನ ಬುಡದಲ್ಲಿ ದೊಡ್ಡ ರಕ್ತನಾಳ ಸೇರುತ್ತದೆ.

ಹಾಗೆ ಸೇರುವ ಮೊದಲು ಅದು ದುಗ್ಧರಸ ಗ್ರಂಥಿಗಳನ್ನು, ಅಂದರೆ ದ್ರವವನ್ನು ಸೋಸುವ ಸಣ್ಣ ಗಂಟುಗಳನ್ನು, ದಾಟಬೇಕು. ನಮ್ಮ ಮೈಯಲ್ಲಿ ಇಂಥವು ನೂರಾರು ಇವೆ. ಗಾಯದಿಂದ ಒಳಹೊಕ್ಕ ರೋಗಾಣುಗಳು ದ್ರವದ ಜೊತೆ ಬಂದು ಅಲ್ಲಿ ಸಿಕ್ಕಿಬೀಳುತ್ತವೆ. ಅವನ್ನು ಗುರುತು ಹಿಡಿದ ಬಿಳಿ ರಕ್ತಕಣಗಳು ಅಲ್ಲೇ ಬೇಗ ಬೇಗ ಹೆಚ್ಚುತ್ತವೆ. ಗ್ರಂಥಿ ಉಬ್ಬುತ್ತದೆ, ಅದರ ಹೊದಿಕೆ ಬಿಗಿಯಾಗಿ ನೋಯುತ್ತದೆ. ಹೆಬ್ಬೆರಳ ಕಡೆಯ ದಾರಿ ನೇರ ತೊಡೆಸಂದಿಗೆ. ಹಿಮ್ಮಡಿಯ ಹೊರಬದಿಗೆ ಏಟಾಗಿದ್ದರೆ ಮೊಣಕಾಲಿನ ಹಿಂದೆ ಮೊದಲು ಗಂಟು ಕಾಣಬಹುದಿತ್ತು. ಕೈ ಗಾಯಕ್ಕೆ ಕಂಕುಳು, ಹಲ್ಲು ಗಂಟಲಿಗೆ ಕುತ್ತಿಗೆ.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ತಿಕ್ಕುವುದರಿಂದ ನೋವು ಜಾಸ್ತಿಯಾಗುತ್ತದೆ ಅಷ್ಟೇ. ಗಂಟು ಹಣ್ಣಾಗಿ ಕೀವು ತುಂಬಿದ್ದರೆ ಒತ್ತುವುದು ಅಪಾಯ ಕೂಡ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಮುಚ್ಚಿ. ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಕೇಳಿ. ಕೀವಾಗಿರುವುದರಿಂದ ಆಂಟಿಬಯಾಟಿಕ್ ಬೇಕಾಗಬಹುದು. ಅದನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ತೋಟಕ್ಕೆ ಗಂಬೂಟ್ ಹಾಕಿಕೊಂಡೇ ಹೋಗಿ.

ಇನ್ನು ಕ್ಯಾನ್ಸರ್. ಅದರ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಗಟ್ಟಿಯಾಗಿ, ನಿಧಾನಕ್ಕೆ ಬೆಳೆಯುತ್ತದೆ. ನಿಮ್ಮದು ಗಾಯದ ಬೆನ್ನಿಗೇ ಬಂದಿದೆ, ನೋವಿದೆ. ಆದರೂ ಗಾಯ ಮಾಗಿ 3–4 ವಾರ ಆದರೂ ಗಂಟು ಸಣ್ಣದಾಗದಿದ್ದರೆ ಮತ್ತೆ ತೋರಿಸಿ. ತೂಕ ಇಳಿಯುವುದು, ರಾತ್ರಿ ಬೆವರುವುದು, ಕುತ್ತಿಗೆಯಲ್ಲೂ ಗಂಟು ಬರುವುದು ಇದ್ದರೆ ಕ್ಷಯದ ಪರೀಕ್ಷೆಯೂ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಒಂದು ವಿಷಯಕ್ಕೆ ಮಾತ್ರ ಬೆಳಗಾಗುವ ತನಕ ಕಾಯಬೇಡಿ. ಗಾಯದಿಂದ ತೊಡೆಯ ಕಡೆಗೆ ಕೆಂಪು ಗೆರೆ ಏರುತ್ತಿದ್ದರೆ, ಚಳಿಜ್ವರ ಬಂದರೆ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.