ಕೆಲಸ ಬಿಟ್ಟು ಇ-ಸ್ಪೋರ್ಟ್ಸ್ ಅನಾಲಿಟಿಕ್ಸ್ ಸ್ಟಾರ್ಟಪ್ ಶುರು ಮಾಡ್ತಿದ್ದೇವೆ. ಮೊದಲು ಎಐ ಮಾಡೆಲ್ ಕಟ್ಟೋದಾ, ಆ್ಯಪ್ ಕಟ್ಟೋದಾ?

ಎರಡೂ ಬೇಡ. ಮೊದಲು ಒಂದು 4 ಟಿಬಿ ಹಾರ್ಡ್ ಡಿಸ್ಕ್ ತಗೊಳ್ಳಿ.

ಬಿಜಿಎಂಐ (ಮೊಬೈಲ್ ಪಬ್ಜಿಯ ಭಾರತದ ಆವೃತ್ತಿ), ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಈ ಮೂರು ಶೂಟಿಂಗ್ ಗೇಮ್‌ಗಳಿಗೂ ಒಂದೇ ಆ್ಯಪ್, ತಿಂಗಳಿಗೆ 199 ರೂಪಾಯಿ, ಆಟಗಾರ ಯಾಕೆ ಸೋಲ್ತಿದ್ದಾನೆ ಅಂತ ಎಐ ಹೇಳುತ್ತೆ ಅಂತ ಬರೆದಿದ್ದೀರಿ. 2021ರಲ್ಲಿ ಇಂಥದ್ದೇ ಸ್ಟಾರ್ಟಪ್ ಶುರು ಮಾಡಿದಾಗ ನಮ್ಮ ಮೊದಲ ಸ್ಲೈಡೂ ಹೆಚ್ಚುಕಮ್ಮಿ ಇದೇ. ವರ್ಷ ಕಳೆಯೋದರೊಳಗೆ ಕೈಯಲ್ಲಿ ಉಳಿದದ್ದು ಕೌಂಟರ್-ಸ್ಟ್ರೈಕ್ ಒಂದೇ. ಆ ಮೂರರಲ್ಲಿ ಇಡೀ ಪಂದ್ಯದ ದಾಖಲೆ ಡೆಮೊ ಫೈಲಾಗಿ ಹೊರಗಿನವರ ಕೈಗೆ ಸಿಗೋದು ಅದರಲ್ಲೇ: ಯಾರು ಎಲ್ಲಿ ನಿಂತಿದ್ದ, ಯಾವ ಗುಂಡು ಯಾರಿಗೆ ತಗುಲಿತು, ಫ್ಲ್ಯಾಶ್ (ಕಣ್ಣು ಕುಕ್ಕುವ ಗ್ರೆನೇಡ್) ಬಿದ್ದು ಎಷ್ಟು ಸೆಕೆಂಡು ಕಣ್ಣು ಕಟ್ಟಿತು, ಎಲ್ಲ ಅದರಲ್ಲಿರುತ್ತೆ.

ನಮ್ಮನ್ನು ಮುಳುಗಿಸಿದ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಡೆಮೊ ಓದಿ, ಅಂಕಿ ತೆಗೆದು, ಡೇಟಾಬೇಸಿಗೆ ಹಾಕಿದ ಕೂಡಲೇ ಮೂಲ ಫೈಲನ್ನು ಅಳಿಸಿಬಿಡ್ತಿದ್ವಿ. ಒಂದು ಡೆಮೊ ಸುಮಾರು 100 ಎಂಬಿ. ದಿನಕ್ಕೆ 200 ಪಂದ್ಯ ಅಂದರೆ 20 ಜಿಬಿ, ತಿಂಗಳಿಗೆ 600 ಜಿಬಿ. ಕ್ಲೌಡ್‌ನಲ್ಲಿ ಒಂದು ಜಿಬಿಗೆ ತಿಂಗಳಿಗೆ ಹತ್ತಿರಹತ್ತಿರ 2 ರೂಪಾಯಿ, ಅಂದರೆ 1,200 ರೂಪಾಯಿ ಉಳಿತಾಯ. ತಿಂಗಳು ತಿಂಗಳೂ ಅಷ್ಟಷ್ಟು ಏರುತ್ತೆ, ನಿಜ. ಆದರೂ ನಮ್ಮ ಟೀ-ಬನ್ನಿನ ಲೆಕ್ಕ ಅದಕ್ಕಿಂತ ದೊಡ್ಡದಿತ್ತು.

ಈಗ ಟ್ರೇಡ್ ಲೆಕ್ಕಕ್ಕೆ ಬನ್ನಿ. ನೀವು ಸತ್ತ 5 ಸೆಕೆಂಡಿನೊಳಗೆ ನಿಮ್ಮನ್ನು ಕೊಂದವನನ್ನು ನಿಮ್ಮ ಕಡೆಯವರು ಹೊಡೆದರೆ ಅದು ಟ್ರೇಡ್. ನಾವು ಕೋಡಿನಲ್ಲಿ 5 ಗುಣಿಸು 64, ಅಂದರೆ 320 ಅಂತ ಬರೆದಿಟ್ವಿ, ಸರ್ವರ್ 64 ಟಿಕ್, ಅಂದರೆ ಸೆಕೆಂಡಿಗೆ 64 ಸಲ ಆಟದ ಲೆಕ್ಕ ಹಾಕುತ್ತೆ ಅಂತ. ಆದರೆ ಎಣಿಸಿದ್ದು ಆಟದ ಟಿಕ್ ಅಲ್ಲ, ಡೆಮೊದ ಫ್ರೇಮ್, ಅಂದರೆ ಫೈಲಿನಲ್ಲಿ ದಾಖಲಾದ ಒಂದೊಂದು ಕ್ಷಣ. ಎರಡೂ ಬೇರೆ. ಪರೀಕ್ಷೆಗೆ ಬಳಸಿದ ಡೆಮೊಗಳು ನಮ್ಮದೇ ಸರ್ವರ್‌ನಲ್ಲಿ ಸೆಕೆಂಡಿಗೆ 64 ಫ್ರೇಮ್‌ನಂತೆ ರೆಕಾರ್ಡ್ ಆಗಿದ್ದವು, ಉತ್ತರ ಸರಿಯಾಗೇ ಬರ್ತಿತ್ತು. ಆದರೆ ಸಿಎಸ್:ಗೋ (ಆಗಿನ ಕೌಂಟರ್-ಸ್ಟ್ರೈಕ್) ಮ್ಯಾಚ್‌ಮೇಕಿಂಗ್, ಅಂದರೆ ಗೇಮೇ ಆಟಗಾರರನ್ನು ಜೋಡಿಸೋ ಪಂದ್ಯಗಳ ಡೆಮೊಗಳಲ್ಲಿ ಸೆಕೆಂಡಿಗೆ 32 ಫ್ರೇಮ್. ಅಲ್ಲಿ 320 ಅಂದರೆ 10 ಸೆಕೆಂಡು! ಟ್ರೇಡ್ ಉಬ್ಬಿತು, ಅದರ ಮೇಲೆ ನಿಂತ ಕಾಸ್ಟ್ (KAST) ಅನ್ನೋ ಅಳತೆಯ ಶೇಕಡಾವಾರೂ ಉಬ್ಬಿತು, ಯಾಕಂದರೆ ಕಿಲ್, ಅಸಿಸ್ಟ್, ಬದುಕುಳಿದದ್ದು, ಟ್ರೇಡ್ ಆದದ್ದು ಇವುಗಳಲ್ಲಿ ಒಂದಾದರೂ ಇದ್ದ ರೌಂಡುಗಳನ್ನೇ ಅದು ಎಣಿಸೋದು.

ಕಂಡುಹಿಡಿದದ್ದು ನಾವಲ್ಲ, ಒಬ್ಬ ಕೋಚ್. ಮಿರಾಜ್ ಮ್ಯಾಪಿನಲ್ಲಿ ಎ ಸೈಟ್ (ಬಾಂಬ್ ಇಡೋ ಎರಡು ಜಾಗಗಳಲ್ಲಿ ಒಂದು): ಒಬ್ಬ ರ‍್ಯಾಂಪ್‌ನಲ್ಲಿ ಸತ್ತ, ಎಂಟು ಸೆಕೆಂಡಾದ ಮೇಲೆ ಜೊತೆಗಾರ ಪ್ಯಾಲೇಸ್‌ನಿಂದ ಇಳಿದು ಕೊಂದವನನ್ನು ಹೊಡೆದ. ನಮ್ಮ ವರದಿ ಅದನ್ನು ಟ್ರೇಡ್ ಅಂತ ಹಸಿರಲ್ಲಿ ತೋರಿಸಿತ್ತು. "ಅಷ್ಟು ಹೊತ್ತಿಗೆ ಅವನು ರೀಲೋಡ್ ಮಾಡಿ, ಜಾಗ ಬದಲಿಸಿ, ನೀರೂ ಕುಡಿದಿರ್ತಾನೆ ಕಣಪ್ಪ" ಅಂದರು. ಕೋಡ್ ಸರಿಮಾಡೋಕೆ ಹತ್ತು ನಿಮಿಷ ಸಾಕಾಯ್ತು. ಹಳೆಯ ಪಂದ್ಯಗಳನ್ನು ಮತ್ತೆ ಲೆಕ್ಕ ಹಾಕೋಣ ಅಂದರೆ ಡೆಮೊ ಎಲ್ಲಿದೆ? ಮ್ಯಾಚ್‌ಮೇಕಿಂಗ್ ಡೆಮೊದ ಡೌನ್‌ಲೋಡ್ ಲಿಂಕ್ ಕೆಲವು ವಾರಗಳಲ್ಲೇ ಸತ್ತುಹೋಗುತ್ತೆ. ಹಳೆಯ ಅಂಕಿ ಉಬ್ಬಿದಂತೇ ಉಳಿದು, ಹೊಸದು ಸರಿಯಾಗಿ, ಎಲ್ಲರ ಗ್ರಾಫೂ ಒಂದೇ ದಿನ ಕುಸಿಯಿತು. ತಾವೇ ಕೆಟ್ಟು ಹೋದೆವು ಅಂದುಕೊಂಡವರು ಕೆಲವರು, ನಾವು ಮೋಸ ಮಾಡಿದೆವು ಅಂದವರು ಉಳಿದವರು.

ಹಾಗಾಗಿ ಸಮಯವನ್ನು ಟಿಕ್‌ನಿಂದಲೇ ಲೆಕ್ಕ ಹಾಕಿ, ಟಿಕ್‌ರೇಟನ್ನು ಪ್ರತಿ ಫೈಲಿನಿಂದ ಓದಿ, ಕೋಡಿನಲ್ಲಿ ಸಂಖ್ಯೆ ಕೆತ್ತಬೇಡಿ. ಮೂಲ ಡೆಮೊ ಇಟ್ಟುಕೊಳ್ಳಿ. ಮೇಲಿನ ಲೆಕ್ಕದಲ್ಲಿ 4 ಟಿಬಿ ಡಿಸ್ಕಿನಲ್ಲಿ ಆರು ತಿಂಗಳ ಸರಕು ಹಿಡಿಯುತ್ತೆ. ಸಾವು, ಏಟು, ಗುಂಡು, ಫ್ಲ್ಯಾಶ್, ಬಾಂಬ್ ಘಟನೆಗಳನ್ನೆಲ್ಲ ಟಿಕ್ ಸಮೇತ ಪಾರ್ಕೆಟ್ (ಕಡಿಮೆ ಜಾಗದ ಕೋಷ್ಟಕ) ಫೈಲಿನಲ್ಲೂ ಇಡಿ, ಪಕ್ಕದಲ್ಲಿ ಪಾರ್ಸರಿನ, ಅಂದರೆ ಡೆಮೊ ಓದೋ ಪ್ರೋಗ್ರಾಮಿನ ಆವೃತ್ತಿ ಬರೆದಿಡಿ. 2023ರ ಸೆಪ್ಟೆಂಬರ್ 27ಕ್ಕೆ ಸಿಎಸ್:ಗೋ ಜಾಗಕ್ಕೆ ಸಿಎಸ್2 ಬಂದಾಗ ಡೆಮೊದ ರೂಪವೇ ಬದಲಾಯ್ತು, ಹಳೆಯ ಪಾರ್ಸರಿಗೆ ಹೊಸ ಫೈಲು ಅರ್ಥವಾಗಲಿಲ್ಲ.

ಎಐ ವಿಷಯ. 20 ಪಂದ್ಯದಲ್ಲಿ 10 ಗೆದ್ದವನ ನಿಜವಾದ ಗೆಲುವಿನ ಪ್ರಮಾಣ ಶೇ. 50, ಅದರ ಮೇಲೆ ಅಥವಾ ಕೆಳಗೆ 22ರವರೆಗೆ. ಅಂದರೆ 28ರಿಂದ 72ರವರೆಗೆ ಎಲ್ಲಿ ಬೇಕಾದರೂ ಇರಬಹುದು. 100 ಪಂದ್ಯಕ್ಕೆ ಆ ಅಂತರ 10ಕ್ಕೆ ಇಳಿಯುತ್ತೆ, 400 ಆದರೆ 5ಕ್ಕೆ. ಅಷ್ಟರಲ್ಲಿ ಗೇಮ್ ಎರಡು ಸಲ ಅಪ್‌ಡೇಟ್ ಆಗಿರುತ್ತೆ. ಇಷ್ಟು ಕಡಿಮೆ ಡೇಟಾದ ಮೇಲೆ ಮಾಡೆಲ್ ಹೇಳೋದು ಗಿಣಿಶಾಸ್ತ್ರ.

ಬಿಜಿಎಂಐ ಈಗಲೇ ಕೈಬಿಡಿ. ಪಬ್ಜಿ ಪಿಸಿಗೆ ಸಾರ್ವಜನಿಕ ಎಪಿಐ (ಹೊರಗಿನ ಪ್ರೋಗ್ರಾಮು ಡೇಟಾ ಪಡೆಯೋ ದಾರಿ) ಇದೆ, ಬಿಜಿಎಂಐಗೆ ಇಲ್ಲ. ಸ್ಕ್ರೀನ್ ರೆಕಾರ್ಡಿಂಗ್‌ನಿಂದ ಕಿಲ್‌ಫೀಡ್ (ಯಾರು ಯಾರನ್ನು ಕೊಂದರು ಅನ್ನೋ ಪಟ್ಟಿ) ಓದಿಸ್ತೀವಿ ಅಂತೀರಿ, ಆದರೆ ಫೋನಿಗೊಂದು ರೆಸಲ್ಯೂಷನ್, ಆಟಗಾರನಿಗೊಂದು ಬಟನ್ ಜೋಡಣೆ. ಅದೂ ಅಲ್ಲದೆ ಆ ಗೇಮೇ 2022ರ ಜುಲೈ ಕೊನೆಯಲ್ಲಿ ಸ್ಟೋರ್‌ಗಳಿಂದ ಮಾಯವಾಗಿ, ಮತ್ತೆ ಬಂದದ್ದು 2023ರ ಮೇನಲ್ಲಿ. ಆ ಹತ್ತು ತಿಂಗಳು ಸಂಬಳ ಯಾರು ಕೊಡ್ತಿದ್ರು? ವ್ಯಾಲರಂಟ್‌ಗೆ ಅದನ್ನು ಮಾಡಿದ ಕಂಪನಿ ರಯಟ್‌ನ ಅನುಮತಿ ಬೇಕು, ಪ್ರತಿ ಆಟಗಾರನೂ ತನ್ನ ಖಾತೆಯಿಂದ ಒಪ್ಪಿಗೆ ಕೊಡಬೇಕು. ರಯಟ್ ಡೆವಲಪರಿಗೆ ಪ್ರಯೋಗಕ್ಕೆ ಕೊಡೋ ಎಪಿಐ ಕೀ 24 ಗಂಟೆಗೆ ಸಾಯುತ್ತೆ, ಅದನ್ನು ನಂಬಿ ಆ್ಯಪ್ ತೋರಿಸೋ ದಿನ ನಿಗದಿ ಮಾಡಬೇಡಿ.

199 ರೂಪಾಯಿ ಕೊಡೋ ಹುಡುಗ ರ‍್ಯಾಂಕ್ ಏರಿದ ದಿನವೂ ಬಿಡ್ತಾನೆ, ಇಳಿದ ದಿನವೂ ಬಿಡ್ತಾನೆ. ತಂಡಕ್ಕೆ ಮಾರಿ. ಕೆಲಸ ಬಿಡೋ ಮೊದಲು ಒಂದು ತಂಡ ಹಿಡಿದು, ಮುಂದಿನ ಎದುರಾಳಿಯ ಹತ್ತು ಡೆಮೊ ತಂದು, ಒಂದೇ ಹಾಳೆ ಮಾಡಿಕೊಡಿ: ಪಿಸ್ತೂಲ್ ಮಾತ್ರ ಇರೋ ಮೊದಲ ರೌಂಡಿನಲ್ಲಿ ಯಾವ ಸೈಟಿಗೆ ಎಷ್ಟು ಸಲ ಹೋದರು, ಮೊದಲ ಸ್ಮೋಕ್ (ಹೊಗೆ ಗ್ರೆನೇಡ್) ಯಾವ ಸೆಕೆಂಡಿಗೆ ಬಿತ್ತು, ಎಡಬ್ಲ್ಯೂಪಿ (ಸ್ನೈಪರ್ ರೈಫಲ್) ಹಿಡಿದವನು ಎಲ್ಲಿ ನಿಂತ. ಇದಕ್ಕೆಲ್ಲ ಬರೀ ಎಣಿಕೆ ಸಾಕು. ಕೋಚ್ ಅದನ್ನು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿಕೊಂಡರೆ ಎರಡನೇ ಹಾಳೆಗೆ ದುಡ್ಡು ಕೇಳಿ.