ಅರ್ಧ ಗಂಟೆಯ ಬಸ್ಸು, ಮೈನಸ್ ಒಂದು ಬಿಟ್

ನಮಸ್ಕಾರ,

ಎಂಟ್ರೋಪಿ (ಏನಾಗುತ್ತದೋ ಎಂಬ ಅನಿಶ್ಚಿತತೆಯ ಅಳತೆ) ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಕೈಬಿಡಬೇಡಿ ಮಾರಾಯ್ರೆ, ಒಳಗೆ ಒಳ್ಳೆಯ ಸರಕು ಉಂಟು.

ಮೊದಲ ಒಂದೂವರೆ ಪುಟ ತೆಗೆಯಿರಿ. ಉಗಿಯಂತ್ರದ ಕಥೆ ಇಲ್ಲಿ ಬೇಡ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಉಡುಪಿಯ ಸಿಟಿ ಬಸ್ ನಿಲ್ದಾಣದಲ್ಲಿ. ಅರ್ಧ ಗಂಟೆಗೊಂದು ಬಸ್ಸು. ಟೈಮ್ ನೋಡದೆ ಹೋಗಿ ನಿಂತರೆ ಕಾಯುವ ಹೊತ್ತು ಸೊನ್ನೆಯಿಂದ 30 ನಿಮಿಷದೊಳಗೆ ಎಷ್ಟೂ ಆಗಬಹುದು, ಎಲ್ಲದಕ್ಕೂ ಸಮ ಸಾಧ್ಯತೆ. ಎಂಟ್ರೋಪಿ 30ರ ಲಾಗ್, ಅಂದರೆ 4.91 ಬಿಟ್ ಎಂದಿದ್ದೀರಿ; ಹೌದು-ಇಲ್ಲ ಎಂಬ ಒಂದು ಸಮ ಪ್ರಶ್ನೆಯಷ್ಟು ಅನಿಶ್ಚಿತತೆ ಒಂದು ಬಿಟ್. ಸರಿ. (ಲಾಗ್‌ನ ಬೇಸ್ 2, ಅಂದರೆ 2ರ ಎಷ್ಟನೇ ಘಾತ 30 ಆಗುತ್ತದೆ ಎಂಬ ಲೆಕ್ಕ, ಎಂದು ಎಲ್ಲೂ ಹೇಳಿಲ್ಲ. ಫೋನಿನಲ್ಲಿ ಸುಮ್ನೆ ಲಾಗ್ ಒತ್ತಿದರೆ ಬೇಸ್ 10ರ ಲೆಕ್ಕದಲ್ಲಿ 1.48 ಬಂತು. ತಲೆ ಕೆರೆದುಕೊಂಡೆ.)

ಮುಂದಿನ ಪ್ಯಾರಾದಲ್ಲೇ ಜಾರಿದ್ದೀರಿ. ದಾಳದ ಎಂಟ್ರೋಪಿಗೆ ಮುಖಗಳನ್ನು ಒಂದೊಂದಾಗಿ ಕೂಡಿಸಿದ ಜಾಗದಲ್ಲಿ ಇಲ್ಲಿ ಇಂಟಿಗ್ರಲ್ (ಎಡೆಬಿಡದೆ ಕೂಡಿಸುವ ಲೆಕ್ಕ) ಬರುತ್ತದೆ, ಅಷ್ಟೇ ವ್ಯತ್ಯಾಸ, ಎಂಟ್ರೋಪಿ ಎಂದೂ ಸೊನ್ನೆಗಿಂತ ಕೆಳಗಿಳಿಯದು ಅಂತ ಬರೆದಿದ್ದೀರಿ. ನಿಮ್ಮ ಬಸ್ಸನ್ನೇ ಗಂಟೆಯಲ್ಲಿ ಅಳೆದು ನೋಡಿ. ಅರ್ಧದ ಲಾಗ್ ಮೈನಸ್ 1. ಅದೇ ನಿಲ್ದಾಣ, ಅದೇ ಬಸ್ಸು, ಅದೇ ಕಾಯುವಿಕೆ!

ಯಾಕೆ ಹೀಗೆ ಎಂಬುದೇ ಈ ಲೇಖನದ ಜೀವ, ಅದನ್ನೇ ಬಿಟ್ಟಿದ್ದೀರಿ. ದಾಳದ ಒಂದು ಮುಖ ಬೀಳುವ ಸಾಧ್ಯತೆ 1 ದಾಟುವುದಿಲ್ಲ. ಸಾಂದ್ರತೆ, ಅಂದರೆ ಒಂದು ನಿಮಿಷಕ್ಕೋ ಗಂಟೆಗೋ ಎಷ್ಟು ಸಾಧ್ಯತೆ ಎಂಬುದು, ದಾಟಬಹುದು. ಇಲ್ಲಿ ಅದು ಗಂಟೆಗೆ 2; 1 ದಾಟಿದ್ದರಿಂದಲೇ ಎಂಟ್ರೋಪಿ ಸೊನ್ನೆಗಿಂತ ಕೆಳಗಿಳಿಯಿತು. ಇನ್ನೊಂದು ಕಡೆಯಿಂದ ನೋಡಿ. ಕಾಯುವ ಹೊತ್ತನ್ನು ನಿಮಿಷಗಳಾಗಿ ತುಂಡು ಮಾಡಿದರೆ 30 ಡಬ್ಬಿ, 4.91 ಬಿಟ್. ಸೆಕೆಂಡಿಗೆ ಇಳಿದರೆ 1800 ಡಬ್ಬಿ, 10.81 ಬಿಟ್. ಸಣ್ಣ ಮಾಡಿದಷ್ಟೂ ಏರುತ್ತದೆ, ಕೊನೆಯೇ ಇಲ್ಲ. ಆ ಏರುವ ಭಾಗವನ್ನು ಕಳೆದಾಗ ಉಳಿಯುವುದೇ ನಿಮ್ಮ ಇಂಟಿಗ್ರಲ್. ಹಾಗಾಗಿ ಅದು ಅಳತೆಗೋಲಿಗೆ ಅಂಟಿಕೊಂಡೇ ಇರುತ್ತದೆ. ಮಾಹಿತಿ ಸಿದ್ಧಾಂತ ಕಟ್ಟಿದ ಶ್ಯಾನನ್ 1948ರ ಪ್ರಬಂಧದಲ್ಲೇ ಇದನ್ನು ಹೇಳಿದ್ದಾರೆ. ಅವರನ್ನು ಹೊಗಳಲು ಅರ್ಧ ಪುಟ ಕೊಟ್ಟವರು ಈ ಒಂದು ಮಾತನ್ನು ಸೇರಿಸಬಹುದಿತ್ತು, ಅಲ್ವಾ?

ಹಾಗಾದರೆ ಈ ಲೆಕ್ಕ ದಂಡವಾ? ಇಲ್ಲ. 15 ನಿಮಿಷ ನಿಂತಾಯಿತು, ಬಸ್ಸಿಲ್ಲ. ಇನ್ನು ಉಳಿದದ್ದು 15 ನಿಮಿಷ, 3.91 ಬಿಟ್. ಗಂಟೆಯ ಲೆಕ್ಕದಲ್ಲಿ ಮೈನಸ್ 2. ಎರಡರಲ್ಲೂ ಇಳಿದದ್ದು ಸರಿಯಾಗಿ 1 ಬಿಟ್. ವ್ಯತ್ಯಾಸ ತೆಗೆದರೆ ನಿಮಿಷ, ಗಂಟೆಯ ಹಂಗಿಲ್ಲ. ಇದಕ್ಕೆ ಒಂದು ಪುಟ ಕೊಡಿ, ನಾನು ಕತ್ತರಿ ಹಾಕುವುದಿಲ್ಲ.

ಮಲ್ಪೆಯ ಬಂಗುಡೆ ಉದ್ದದ ಪ್ಯಾರಾ ಚೆನ್ನಾಗಿದೆ. ಆದರೆ ನಾರ್ಮಲ್ ಹಂಚಿಕೆಗೇ (ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಹಂಚಿಕೆ) ಎಂಟ್ರೋಪಿ ಜಾಸ್ತಿ ಎಂಬುದು ವೇರಿಯನ್ಸ್ (ಸರಾಸರಿಯಿಂದ ಎಷ್ಟು ಹರಡಿದೆ ಎಂಬ ಅಳತೆ) ಇಷ್ಟೇ ಎಂದು ಕಟ್ಟಿಹಾಕಿದಾಗ ಮಾತ್ರ. ಕನಿಷ್ಠ, ಗರಿಷ್ಠ ಎಂಬ ಎರಡು ತುದಿ ಮಾತ್ರ ಗೊತ್ತಿದ್ದರೆ ನಿಮ್ಮ ಬಸ್ಸಿನ ಸಮ ಹಂಚಿಕೆಯೇ ಗೆಲ್ಲುತ್ತದೆ.

'ಸಂಭವನೀಯತಾ ಸಾಂದ್ರತಾ ಫಲನ' ಹನ್ನೊಂದು ಸಲ ಬಂದಿದೆ. ಒಮ್ಮೆ ಹೇಳಿ, ಆಮೇಲೆ ಬರೀ ಸಾಂದ್ರತೆ ಸಾಕು.

ನವರಾತ್ರಿಯೊಳಗೆ ತಿದ್ದಿ ಕಳುಹಿಸಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ.

ಇಂತು,
ಸಂಪಾದಕ