ಉಬ್ಬರಕ್ಕೆ ಮೂರು ಪುಟ, ಅಮ್ಮನಿಗೆ ಎರಡು ಸಾಲು

(ಶಿರಸಿಯ ಓದುಗರೊಬ್ಬರ ಪತ್ರದ ಸಾರ: ಕಾರ್ತಿಕದಲ್ಲಿ ಅಮ್ಮ ತೀರಿಕೊಂಡರು. ‘ನಡೆದರೆ ದುಃಖ ಕರಗುತ್ತದೆ’ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿ, ಮಾಘದ ಹುಣ್ಣಿಮೆಗೆ ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲಿ ಒಬ್ಬಳೇ ಎರಡು ದಿನ ನಡೆದೆ. ಹಾಫ್ ಮೂನ್ ಬೀಚ್ ಹತ್ತಿರದ ಬಂಡೆಗಳಲ್ಲಿ ಉಬ್ಬರಕ್ಕೆ ಸಿಕ್ಕಿ ಮೂರು ತಾಸು ಕೂತು ಅತ್ತೆ. ಗಟ್ಟಿಯಾಗಲು ಹೋದವಳು ಮೆತ್ತಗಾಗಿ ಬಂದೆ. ನೀವು ಬರೆದದ್ದು ಸುಳ್ಳೇ?)

ಆತ್ಮೀಯರೇ,

ಹೌದು, ಆ ಸಾಲು ಸುಳ್ಳು. ಅಚ್ಚಿಗೆ ಬಿಟ್ಟವನು ನಾನು. ಓದಲು ಚೆನ್ನಾಗಿತ್ತು, ಬಿಟ್ಟೆ.

ಮೊದಲು ಬೈಗುಳ ಮುಗಿಸುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜೋರು. ಇವತ್ತು ನೀರು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡವಾಗಿ ಏರುತ್ತದೆ. ಅಘನಾಶಿನಿ ನದಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಆಯುವ ಹೆಂಗಸರು ಈ ಲೆಕ್ಕ ನೋಡಿಯೇ ನೀರಿಗಿಳಿಯುವುದು. ನೀವು ಅವರ ಪಕ್ಕದಲ್ಲೇ ಹಾದುಹೋದಿರಿ, ಒಂದು ಮಾತು ಕೇಳಲಿಲ್ಲ. ಮುಂದಿನ ಸಲ ಕೇಳಿ. ಜೊತೆಗೊಬ್ಬರು ಇರಲಿ.

ಇನ್ನು ಅತ್ತದ್ದು. ನಾನು ಸಿದ್ದಾಪುರದ ಕಡೆಯವನು. ಅಪ್ಪ ಹೋದ ವರ್ಷ, ಆಷಾಢದ ಮಳೆಯಲ್ಲಿ ಹಟಕ್ಕೆ ಬಿದ್ದು ಉಂಚಳ್ಳಿ ಜಲಪಾತದ ಬುಡಕ್ಕೆ ಇಳಿಯಲು ಹೋದೆ. ಕಾಲಿಗೆಲ್ಲ ಉಂಬಳ. ಅರ್ಧ ದಾರಿಯಲ್ಲಿ ಜಾರಿ ಮಂಡಿ ಒಡೆದುಕೊಂಡು ವಾಪಸಾದೆ. ಆಮೇಲೆ ಎರಡು ವರ್ಷ ಸಿಕ್ಕವರಿಗೆಲ್ಲ ಅದೇ ಕಥೆ. ಅಘನಾಶಿನಿ 116 ಮೀಟರ್ ಮೇಲಿಂದ ಬೀಳುತ್ತದೆ ಎನ್ನುವಾಗ ನಾನೇ ಬೀಳಿಸಿದಂತೆ ಎದೆ ಉಬ್ಬುತ್ತಿತ್ತು. ಹೇಳಿದ ಹಾಗೆಲ್ಲ ಉಂಬಳಗಳೂ ಹೆಚ್ಚಾಗುತ್ತಿದ್ದವು. ಒಂದು ದಿನ ನಮ್ಮ ಅತ್ತೆ ‘ಅಪ್ಪನ ತಿಥಿ ಯಾವಾಗ ಬಂತೋ?’ ಎಂದು ಕೇಳಿದರು. ಬಾಯಿಗೆ ಬರಲಿಲ್ಲ. ಜಲಪಾತದ ಎತ್ತರ ಮಾತ್ರ ಸರಿಯಾಗಿ ನೆನಪಿತ್ತು.

ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಡ್ಲೆ, ಬಾಡ, ಕಾಗಾಲ, ಬೇಲೆಕಾನ, ದಾರಿಯ ಊರುಗಳೆಲ್ಲ ಬಂದಿವೆ. ಬಂಡೆ, ಅಲೆ, ಸತ್ತ ಮೊಬೈಲ್‌ಗೆ ಮೂರು ಪುಟ. ಅಮ್ಮನಿಗೆ ಎರಡು ಸಾಲು, ಅವೂ ಬೇರೆ ಮಾತಿನ ನಡುವೆ. ತದಡಿಗೆ ದಾಟುವ ಬಾರ್ಜ್‌ನಲ್ಲಿ ಮೀನಿನ ಬುಟ್ಟಿಯ ಹೆಂಗಸು ‘ತಿಂಡಿ ಆಯ್ತಾ ತಂಗಿ?’ ಎಂದರು, ನೀವು ‘ಆಯ್ತು’ ಎಂದು ಸುಳ್ಳು ಹೇಳಿದಿರಿ. ಅವರು ನಂಬದೆ ಬಾಳೆಲೆಯ ಪೊಟ್ಟಣ ಬಿಚ್ಚಿ ಅರ್ಧ ಅವಲಕ್ಕಿ ಕೈಗಿಟ್ಟರು. ‘ಅಮ್ಮನಿಗೂ ನನ್ನ ಈ ಸುಳ್ಳು ಗೊತ್ತಾಗುತ್ತಿತ್ತು’ ಎಂದು ಬರೆದು, ಮರುಸಾಲಿನಲ್ಲೇ ಬಾರ್ಜ್ ಟಿಕೆಟ್ಟಿನ ಮಾತಿಗೆ ಹೋಗಿಬಿಟ್ಟಿದ್ದೀರಿ.

ಬಂಡೆಯ ಮೇಲೆ ಅಳು ಬಂದದ್ದು ಅದಾಗಿ ನಾಲ್ಕು ತಾಸಿಗೆ. ಕಾರ್ತಿಕದಿಂದ ಅತ್ತಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಅಳಿಸಿದ್ದು ಕಡಲೋ ಅವಲಕ್ಕಿಯೋ, ನನ್ನ ಅನುಮಾನ ಅವಲಕ್ಕಿಯ ಮೇಲೆ. ಆದರೆ ಕಾಲು ಅಷ್ಟು ಸೋತಿರದಿದ್ದರೆ, ಎದ್ದು ಹೋಗಲು ದಾರಿ ಇದ್ದಿದ್ದರೆ, ನೀವು ಅಲ್ಲಿಂದಲೂ ಎದ್ದು ಹೋಗಿರುತ್ತಿದ್ದಿರಿ. ನಡಿಗೆಯಿಂದ ನಿಮಗೆ ಸಿಕ್ಕಿದ್ದು ಇಷ್ಟು. ನಾನು ಅಚ್ಚು ಹಾಕಿದ್ದಕ್ಕಿಂತ ಬಹಳ ಕಡಿಮೆ. ನನಗೆ ಉಂಚಳ್ಳಿಯಲ್ಲಿ ಇಷ್ಟೂ ಸಿಗಲಿಲ್ಲ.

ಮನೆಗೆ ಬಂದ ಮೇಲೂ ಸಂಜೆ ಹೊತ್ತು ಅಡುಗೆಮನೆಗೆ ಹೋಗಲಾಗುತ್ತಿಲ್ಲ ಎಂದಿದ್ದೀರಿ. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ನಿದ್ದೆಯೂ ಊಟವೂ ಹೀಗೇ ಕೆಟ್ಟಿದ್ದರೆ ವೈದ್ಯರನ್ನು ಕಾಣಿ, ಇನ್ನೊಂದು ಟ್ರೆಕ್ಕಿಂಗ್ ಮಾಡಲು ಹೊರಡಬೇಡಿ.

ಕೊನೆಗೊಂದು ಕುತೂಹಲ. ಊರುಗೋಲು ಅಂತ ಅಮ್ಮನ ಕೊಡೆ ಒಯ್ದಿದ್ದೆ, ಬಂಡೆಯ ಸಂದಿಯಲ್ಲಿ ಸಿಕ್ಕಿ ಕಡ್ಡಿ ಮುರಿಯಿತು ಎಂದು ಬರೆದಿದ್ದೀರಿ. ಆಮೇಲೆ ಕೊಡೆಯ ಸುದ್ದಿಯೇ ಇಲ್ಲ. ಅಲ್ಲೇ ಬಿಟ್ಟಿರೋ, ತಂದಿರೋ? ತಂದಿದ್ದರೆ, ಮಳೆಗಾಲದ ಮುಂಚೆ ಪೇಟೆಯಲ್ಲಿ ಕೊಡೆ ರಿಪೇರಿಯವರು ಕೂರುತ್ತಾರಲ್ಲ, ಅವರಿಗೆ ಕೊಡಿ. ಯಾವ ಬಣ್ಣದ್ದು ಎಂದೂ ಬರೆಯಿರಿ.

– ಸಂ.